ಘಟ್ಟ ಏರುವ ವಾಹನಕ್ಕೆ ಯಾವ ಎಂಜಿನ್ ಆಯಿಲ್, ಯಾವ ಫಿಲ್ಟರ್?

ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ನನ್ನ ಬೈಕು ಬಲ ಕಳೆದುಕೊಂಡಿತು. ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ನಿನ ಸದ್ದು ಏರುತ್ತಿತ್ತು, ಚಕ್ರದ ವೇಗ ಮಾತ್ರ ಏರುತ್ತಿರಲಿಲ್ಲ. ಹಿಂದಿನ ವಾರವಷ್ಟೇ ಆಯಿಲ್ ಬದಲಿಸಿದ್ದೆ. ಅಂಗಡಿಯಲ್ಲಿ ಬೈಕಿನ ಆಯಿಲ್ ಮುಗಿದಿದೆಯೆಂದು ಕಾರಿನ ಆಯಿಲ್ ಕೊಟ್ಟಿದ್ದರು. 10ಡಬ್ಲ್ಯೂ-30 ಎಂಬ ಸಂಖ್ಯೆ ಎರಡರಲ್ಲೂ ಒಂದೇ ಇದ್ದುದರಿಂದ ನಾನೂ ಮರುಮಾತಿಲ್ಲದೆ ತಂದು ಹಾಕಿದ್ದೆ. ಆ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದುದನ್ನು ಓದಿದ್ದರೆ ಕ್ಲಚ್ ಪ್ಲೇಟುಗಳನ್ನು ಬದಲಿಸುವ ಖರ್ಚು ಬರುತ್ತಿರಲಿಲ್ಲ. ಆ ಸಣ್ಣ ಅಕ್ಷರಗಳನ್ನು ಓದುವುದು ಹೇಗೆ, ಅವುಗಳಲ್ಲಿ ನಮ್ಮ ವಾಹನಕ್ಕೆ ಬೇಕಾದುದು ಯಾವುದು ಎಂಬುದನ್ನು ತಿಳಿಸಲು ಈ ಬರಹ.

ಮೊದಲು ವಾಹನದ ಕೈಪಿಡಿ

ವಾಹನದ ಜೊತೆ ಬರುವ ಓನರ್ಸ್ ಮ್ಯಾನ್ಯುಅಲ್ ಎಂಬ ಪುಸ್ತಕವನ್ನು ನಮ್ಮಲ್ಲಿ ಹೆಚ್ಚಿನವರು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ. ಆಯಿಲ್ ಖರೀದಿಸಲು ಹೋಗುವ ಮೊದಲು ಅದರ ಕೊನೆಯ ಪುಟಗಳಲ್ಲಿರುವ ಮಾಹಿತಿ ಪಟ್ಟಿಯನ್ನು ತೆರೆದು ನಾಲ್ಕು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು: ಆಯಿಲ್‌ನ ಸ್ನಿಗ್ಧತೆಯ (ಎಷ್ಟು ಮಂದ, ಎಷ್ಟು ತೆಳು ಎಂಬುದರ) ಸಂಖ್ಯೆ, ಗುಣಮಟ್ಟದ ದರ್ಜೆ, ಫಿಲ್ಟರ್ ಬದಲಿಸಿದಾಗ ಮತ್ತು ಬದಲಿಸದಿದ್ದಾಗ ಎಷ್ಟು ಆಯಿಲ್ ಬೇಕು ಎಂಬ ಅಳತೆ, ಹಾಗೂ ಎಷ್ಟು ಕಿಲೋಮೀಟರ್ ಅಥವಾ ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು ಎಂಬ ಅವಧಿ. ಹಳೆಯ ವಾಹನವನ್ನು ಕೊಂಡವರ ಬಳಿ ಪುಸ್ತಕ ಇಲ್ಲದಿದ್ದರೆ ಅನೇಕ ಕಂಪನಿಗಳ ಜಾಲತಾಣಗಳಲ್ಲಿ ಮಾದರಿ ಮತ್ತು ವರ್ಷಕ್ಕೆ ಅನುಗುಣವಾದ ಪ್ರತಿ ಸಿಗುತ್ತದೆ. ವರ್ಷವನ್ನು ಸರಿಯಾಗಿ ನೋಡಿಕೊಳ್ಳುವುದು ಮುಖ್ಯ, ಏಕೆಂದರೆ ಒಂದೇ ಹೆಸರಿನ ಕಾರಿನಲ್ಲಿ ಎಂಜಿನ್ ಬದಲಾದಾಗ ಆಯಿಲ್ ಕೂಡ ಬದಲಾಗಿರುತ್ತದೆ. ಆ ಚೀಟಿಯನ್ನು ಆರ್‌ಸಿ, ವಿಮೆಯ ಕಾಗದಗಳ ಜೊತೆಯಲ್ಲಿಯೇ ಇಟ್ಟರೆ ಎಲ್ಲಿ ಬೇಕಾದರೂ ಕೈಗೆ ಸಿಗುತ್ತದೆ.

ಸಂಖ್ಯೆಗಳು ಹೇಳುವುದೇನು

10ಡಬ್ಲ್ಯೂ-30 ಎಂಬುದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶವಿದೆ. ಡಬ್ಲ್ಯೂ ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ; ಅದರ ಹಿಂದಿನ ಸಂಖ್ಯೆ ಸಣ್ಣದಾದಷ್ಟೂ ಎಂಜಿನ್ ತಣ್ಣಗಿರುವಾಗ ಆಯಿಲ್ ಸುಲಭವಾಗಿ ಹರಿಯುತ್ತದೆ. ನಂತರದ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂದರೆ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ತಿಳಿಸುತ್ತದೆ. ಈ ಶಾಖದಲ್ಲಿ 30ರ ಆಯಿಲ್‌ನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ಒಳಗೆ, 40ರದ್ದು 12.5ರಿಂದ 16.3ರ ಒಳಗೆ ಇರಬೇಕೆಂಬುದು ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ನಿಯಮ.

10ಡಬ್ಲ್ಯೂ ದರ್ಜೆಗೆ ಪರೀಕ್ಷೆ ನಡೆಯುವುದು ಶೂನ್ಯಕ್ಕಿಂತ 25 ಡಿಗ್ರಿ ಕೆಳಗೆ. ಶಿರಸಿಯ ಡಿಸೆಂಬರ್ ಮುಂಜಾವಿನ ಚಳಿ ಎಷ್ಟೇ ಕೊರೆದರೂ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಕಾರವಾರದ ಮಾತಂತೂ ಬೇರೆಯೇ. ಹಾಗಾದರೆ ಮೊದಲ ಸಂಖ್ಯೆಗೆ ನಮ್ಮಲ್ಲಿ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಬೆಲೆಯಿದೆ. ರಾತ್ರಿಯಿಡೀ ನಿಂತ ಎಂಜಿನ್ನಿನ ಮೇಲ್ಭಾಗದಿಂದ ಆಯಿಲ್ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬಳಿಗೆ ಅದು ಮತ್ತೆ ಏರುವವರೆಗೆ ಲೋಹಕ್ಕೆ ಉಳಿದಿರುವುದು ತೆಳುವಾದ ಪದರವೊಂದೇ. ಇಪ್ಪತ್ತೈದು ಡಿಗ್ರಿಯ ಬೆಳಗಿನಲ್ಲಿಯೂ 20ಡಬ್ಲ್ಯೂ-50 ಆಯಿಲ್ 10ಡಬ್ಲ್ಯೂ-30ಕ್ಕಿಂತ ಬಹಳ ಮಂದವಾಗಿರುತ್ತದೆ. ಎರಡನ್ನೂ ಒಂದೊಂದು ಚಮಚದಲ್ಲಿ ಎತ್ತಿ ಸುರಿದು ನೋಡಿದರೆ ಸಾಕು: ಒಂದು ಎಣ್ಣೆಯಂತೆ ಹರಿದು ಹೋಗುತ್ತದೆ, ಇನ್ನೊಂದು ಜೋನಿ ಬೆಲ್ಲದಂತೆ ನೂಲು ಬಿಟ್ಟು ಇಳಿಯುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾನು ಅತಿ ಹೆಚ್ಚಾಗಿ ಕಂಡಿರುವ ತಪ್ಪು ಇಲ್ಲಿಯೇ ಇದೆ. ಕರಾವಳಿಯ ಸೆಕೆ, ಮೇಲೆ ಘಟ್ಟದ ಏರು, ಹಿಂದೆ ಗೊಬ್ಬರದ ಚೀಲಗಳ ಭಾರ. ಆದ್ದರಿಂದ ದಪ್ಪ ಆಯಿಲ್ ಹಾಕಿದರೆ ಎಂಜಿನ್ ತಡೆಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆದರೆ ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಇರುವುದೇ ಹೊರಗಿನ ಹವೆ ಹೇಗಿದ್ದರೂ ಒಳಗಿನ ಶಾಖವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಡಲು. ಅಂತಹ ಎಂಜಿನ್ನಿನ ಬೇರಿಂಗುಗಳ ಸಂದು, ಆಯಿಲ್ ಪಂಪಿನ ಸಾಮರ್ಥ್ಯ, ಆಯಿಲ್ ಹರಿಯುವ ಸಣ್ಣ ರಂಧ್ರಗಳು ಇವೆಲ್ಲ ಒಂದು ನಿರ್ದಿಷ್ಟ ಸ್ನಿಗ್ಧತೆಯನ್ನು ಲೆಕ್ಕ ಹಾಕಿ ಮಾಡಿದವು. 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಕೇಳುವ ಇಂದಿನ ಪೆಟ್ರೋಲ್ ಕಾರಿಗೆ 20ಡಬ್ಲ್ಯೂ-50 ಸುರಿದರೆ ಆಯಿಲ್ ಮೇಲೆ ತಲುಪುವುದು ತಡವಾಗುತ್ತದೆ, ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವ ವಾಲ್ವ್ ಟೈಮಿಂಗ್ ವ್ಯವಸ್ಥೆ ತಡವರಿಸುತ್ತದೆ, ಮೈಲೇಜ್ ಇಳಿಯುತ್ತದೆ. ಗಾಳಿಯಿಂದ ತಂಪಾಗುವ ಬೈಕುಗಳ ಆಯಿಲ್ ಘಟ್ಟದಲ್ಲಿ ಹೆಚ್ಚು ಕಾಯುವುದು ನಿಜ. ಅದಕ್ಕಾಗಿಯೇ ರಾಯಲ್ ಎನ್‌ಫೀಲ್ಡ್‌ನಂತಹ ಕಂಪನಿಗಳು ತಾವಾಗಿಯೇ 15ಡಬ್ಲ್ಯೂ-50 ಸೂಚಿಸಿವೆ. ಹೀರೋ, ಹೋಂಡಾ ಕಂಪನಿಗಳ ಸಣ್ಣ ಬೈಕುಗಳಿಗೆ 10ಡಬ್ಲ್ಯೂ-30 ಎಂದಿದ್ದರೆ ಅದೂ ಹಾಗೆಯೇ ಲೆಕ್ಕ ಹಾಕಿ ಹೇಳಿದ್ದು.

ಕೆಲವು ಕೈಪಿಡಿಗಳಲ್ಲಿ ಹವೆಯ ಶಾಖಕ್ಕೆ ತಕ್ಕಂತೆ ಎರಡು ಮೂರು ದರ್ಜೆಗಳ ಪಟ್ಟಿ ಇರುತ್ತದೆ. ಅಲ್ಲಿ ಮಾತ್ರ ಆಯ್ಕೆ ನಮ್ಮದು. 5ಡಬ್ಲ್ಯೂ-30 ಮತ್ತು 5ಡಬ್ಲ್ಯೂ-40 ಎರಡಕ್ಕೂ ಒಪ್ಪಿಗೆ ಇದ್ದು, ವಾಹನವು ವಾರಕ್ಕೆ ನಾಲ್ಕು ಬಾರಿ ತುಂಬಿದ ಭಾರದೊಂದಿಗೆ ಅರಬೈಲ್ ಘಟ್ಟ ಏರುವಂಥದ್ದಾದರೆ ನಾನು 40ನ್ನೇ ಆರಿಸುತ್ತೇನೆ. ಕಾರವಾರ, ಅಂಕೋಲಾ ನಡುವಿನ ಹೆದ್ದಾರಿಯಲ್ಲಿ ಮಾತ್ರ ಓಡಾಡುವವರಿಗೆ 30 ಸಾಕು.

ಬೈಕು ಮತ್ತು ಸ್ಕೂಟರ್

ಗೇರ್ ಇರುವ ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್ ಬಾಕ್ಸ್ ಮತ್ತು ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್‌ಗಳಿಗೆ, ಅದರಲ್ಲೂ 30 ಮತ್ತು ಅದಕ್ಕಿಂತ ತೆಳುವಾದವುಗಳಿಗೆ, ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಕ್ಲಚ್ ಪ್ಲೇಟುಗಳು ಕೆಲಸ ಮಾಡುವುದೇ ಘರ್ಷಣೆಯಿಂದ. ಅದನ್ನು ತಗ್ಗಿಸಿದರೆ ಅವು ಒಂದರ ಮೇಲೊಂದು ಜಾರುತ್ತವೆ, ಕಾಯುತ್ತವೆ, ಕೊನೆಗೆ ಸುಟ್ಟು ಕಪ್ಪಾಗುತ್ತವೆ. ದೇವಿಮನೆಯಲ್ಲಿ ನನಗಾದದ್ದು ಇದೇ. ಆಯಿಲ್ ದರ್ಜೆ ನಿಗದಿ ಮಾಡುವ ಅಮೆರಿಕದ ಎಪಿಐ ಸಂಸ್ಥೆಯ ದುಂಡನೆಯ ಮುದ್ರೆಯ ಕೆಳ ಅರ್ಧದಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಎಂದು ಬರೆದಿರುವ ಆಯಿಲ್ ಇಂತಹ ಬೈಕಿಗೆ ಸಲ್ಲದು. ಬೈಕಿನ ಆಯಿಲ್ ಡಬ್ಬಿಯ ಮೇಲೆ ಜಪಾನಿನ ಜಾಸೊ ಸಂಸ್ಥೆಯ ಎಂಎ ಅಥವಾ ಎಂಎ2 ಎಂಬ ಗುರುತು ಇರಲೇಬೇಕು; ಕೈಪಿಡಿ ಎಂಎ2 ಕೇಳಿದ್ದರೆ ಅದನ್ನೇ ತರಬೇಕು.

ಗೇರಿಲ್ಲದ ಸ್ಕೂಟರಿನ ಕ್ಲಚ್ ಆಯಿಲ್‌ನಿಂದ ಹೊರಗೆ, ಒಣಗಿಯೇ ಇರುವುದರಿಂದ ಅದಕ್ಕೆ ಎಂಬಿ ಎಂಬ ಗುರುತಿನ ಆಯಿಲ್ ಒಗ್ಗುತ್ತದೆ. ಸ್ಕೂಟರಿನ ಹಿಂದಿನ ಚಕ್ರದ ಬಳಿ ಪ್ರತ್ಯೇಕವಾಗಿ ಗೇರ್ ಆಯಿಲ್ ಸ್ವಲ್ಪವೇ ಇರುತ್ತದೆ. ಸರ್ವಿಸ್ ಮಾಡುವವರು ಅದನ್ನು ಮರೆಯುವುದು ಸಾಮಾನ್ಯವಾದ್ದರಿಂದ ನಾವೇ ನೆನಪಿಸಬೇಕು.

ಕಾರು, ಜೀಪು, ಪಿಕಪ್

ಎಪಿಐ ದರ್ಜೆಯಲ್ಲಿ ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಎಂಜಿನ್ನಿಗೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು: ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಸ್ನಿಗ್ಧತೆ ಒಂದೇ ಆಗಿದ್ದರೆ ಎಸ್‌ಎನ್ ಕೇಳುವ ಕಾರಿಗೆ ಎಸ್‌ಪಿ ಹಾಕಲು ಅಡ್ಡಿಯಿಲ್ಲ. ಎಸ್‌ಪಿ ಕೇಳುವ ಕಾರಿಗೆ ಹಳೆಯ ದರ್ಜೆಯದ್ದನ್ನು ಹಾಕಬಾರದು. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಇರುವ ಸಣ್ಣ ಪೆಟ್ರೋಲ್ ಎಂಜಿನ್ನುಗಳು ಏರಿನಲ್ಲಿ ಕಡಿಮೆ ವೇಗದಲ್ಲಿ ಹೆಚ್ಚು ಬಲ ಹಾಕುವಾಗ ಇಂಧನವು ಸಮಯಕ್ಕೆ ಮೊದಲೇ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟಾಗುವ ಸಂಭವವಿದೆ. ಇದನ್ನು ತಡೆಯುವ ಪರೀಕ್ಷೆಯೂ ಎಸ್‌ಪಿ ದರ್ಜೆಯಲ್ಲಿ ಸೇರಿರುವುದರಿಂದ ಘಟ್ಟದ ಮೇಲಿನವರಿಗೆ ಅದು ಬಹಳ ಪ್ರಯೋಜನಕಾರಿ.

ಡೀಸೆಲ್ ವಾಹನಗಳಲ್ಲಿ ಗಮನಿಸಬೇಕಾದ ಗಡಿ 2020ರ ಏಪ್ರಿಲ್ 1. ಅಂದು ಬಿಎಸ್6 ಎಂಬ ಹೊಗೆ ಮಿತಿಯ ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಸೇರಿತು. ಮಸಿಯನ್ನು ಆಗಾಗ ಸುಟ್ಟು ಜಾಲರಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ, ಆದರೆ ಆಯಿಲ್‌ನಲ್ಲಿರುವ ಲೋಹದ ಅಂಶಗಳು ಉರಿದು ಉಳಿಯುವ ಬೂದಿಯನ್ನು ಸುಡಲು ಬರುವುದಿಲ್ಲ. ಹೀಗಾಗಿ ಅಂತಹ ಎಂಜಿನ್ನಿಗೆ ಬೂದಿ ಕಡಿಮೆ ಇರುವ ಆಯಿಲ್, ಎಂದರೆ ಕೈಪಿಡಿ ಹೇಳಿದಂತೆ ಯುರೋಪಿನ ಎಸಿಇಎ ಸಂಸ್ಥೆಯ ಸಿ2, ಸಿ3ಯಂತಹ ದರ್ಜೆ ಅಥವಾ ಎಪಿಐ ಸಿಕೆ-4, ಬೇಕಾಗುತ್ತದೆ. ಹಳೆಯ ಜೀಪಿಗೆಂದು ಮನೆಯಲ್ಲಿ ತಂದಿಟ್ಟ 15ಡಬ್ಲ್ಯೂ-40 ಸಿಐ-4 ಡಬ್ಬಿಯನ್ನು ಹೊಸ ಕಾರಿಗೂ ಬಳಸಿದರೆ, ಉಳಿತಾಯವಾದ ಕೆಲವು ನೂರು ರೂಪಾಯಿಗಳ ಬದಲು ಜಾಲರಿಯ ಭಾರೀ ವೆಚ್ಚ ತಲೆಗೆ ಬರುತ್ತದೆ. ಹಳೆಯ ಜೀಪಿಗೆ ಅದೇ ಸಿಐ-4 ಇಂದಿಗೂ ಒಳ್ಳೆಯ ಆಯಿಲ್.

ರಾಸಾಯನಿಕವಾಗಿ ತಯಾರಿಸಿದ ಸಿಂಥೆಟಿಕ್ ಬೇಕೇ, ಕಚ್ಚಾತೈಲವನ್ನು ಶುದ್ಧೀಕರಿಸಿದ ಮಿನರಲ್ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಕೈಪಿಡಿಯ ಸಂಖ್ಯೆ ಮತ್ತು ದರ್ಜೆ ಎರಡೂ ಹೊಂದಿದರೆ ಮಿನರಲ್ ಕೂಡ ಸರಿ, ಟರ್ಬೊ ಇದ್ದರೆ, ಭಾರ ಹೊತ್ತು ಘಟ್ಟ ಹತ್ತುವುದಿದ್ದರೆ ಸಿಂಥೆಟಿಕ್‌ಗೆ ಕೊಡುವ ಹೆಚ್ಚಿನ ಹಣ ಸಾರ್ಥಕ, ಏಕೆಂದರೆ ಅದು ಹೆಚ್ಚು ಶಾಖದಲ್ಲಿಯೂ ಬೇಗ ಕೆಡುವುದಿಲ್ಲ.

ಫಿಲ್ಟರ್

ಫಿಲ್ಟರಿನ ಬಗ್ಗೆ ನಮ್ಮ ಜನರಿಗಿರುವ ಅಸಡ್ಡೆ ನನಗೆ ಬೇಸರ ತರಿಸುತ್ತದೆ. ಸಾವಿರಾರು ರೂಪಾಯಿಯ ಆಯಿಲ್ ಹಾಕಿಸಿ, ಫಿಲ್ಟರ್ ಮಾತ್ರ ಮುಂದಿನ ಸಲ ನೋಡೋಣ ಎನ್ನುವವರು ಹೊಸ ಆಯಿಲ್ ಅನ್ನು ಹಳೆಯ ಕೊಳೆಯ ಮೂಲಕವೇ ಹಾಯಿಸುತ್ತಿರುತ್ತಾರೆ. ಒಮ್ಮೆ ಕಾರಿನಿಂದ ಬಿಚ್ಚಿದ ಹಳೆಯ ಫಿಲ್ಟರನ್ನು ಹ್ಯಾಕ್ಸಾದಿಂದ ಕೊಯ್ದು ಅಂಗಳದಲ್ಲಿ ಹಳೆಯ ಪತ್ರಿಕೆಯ ಮೇಲೆ ಬಿಡಿಸಿದ್ದೆ. ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿದ್ದ ಕಾಗದವನ್ನು ಹಿಗ್ಗಿಸಿದಾಗ ಪ್ರತಿ ಮಡಿಕೆಯ ಬುಡದಲ್ಲೂ ಕಾಡಿಗೆಯಂತಹ ಕೆಸರು ಕೂತಿತ್ತು. ಬಿಸಿಲಿಗೆ ಹಿಡಿದರೆ ಅದರ ನಡುವೆ ಸೂಜಿಮೊನೆಯಷ್ಟು ಲೋಹದ ಚೂರುಗಳು ಮಿನುಗಿದವು. ಆ ಚೂರುಗಳು ಬೇರಿಂಗಿಗೆ ಹೋಗದಂತೆ ತಡೆದದ್ದು ಆ ಕಾಗದ.

ಕಾಗದದ ಜೊತೆಗೆ ಡಬ್ಬಿಯ ಆಕಾರದ ಫಿಲ್ಟರಿನೊಳಗೆ ಸಾಮಾನ್ಯವಾಗಿ ಎರಡು ವಾಲ್ವುಗಳಿರುತ್ತವೆ. ಮೊದಲನೆಯದು, ಎಂಜಿನ್ ನಿಂತಾಗ ಫಿಲ್ಟರಿನಲ್ಲಿರುವ ಆಯಿಲ್ ಹಿಂದಕ್ಕೆ ಸೋರಿ ಹೋಗದಂತೆ ತಡೆಯುವ ರಬ್ಬರಿನ ಪದರ. ಅಡ್ಡವಾಗಿ ಅಥವಾ ತಲೆಕೆಳಗಾಗಿ ಕೂರುವ ಫಿಲ್ಟರಿನಲ್ಲಿ ಇದು ಕೆಟ್ಟಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಕಟಕಟ ಸದ್ದು ಕೇಳುತ್ತದೆ, ಆಯಿಲ್ ದೀಪ ಆರಲು ತಡವಾಗುತ್ತದೆ. ಎರಡನೆಯದು ಬೈಪಾಸ್ ವಾಲ್ವ್. ಕಾಗದ ಕಟ್ಟಿಕೊಂಡಾಗ ಅಥವಾ ಆಯಿಲ್ ತೀರಾ ಮಂದವಾಗಿದ್ದಾಗ ಇದು ತೆರೆದು, ಎಂಜಿನ್ ಒಣಗುವುದಕ್ಕಿಂತ ಸೋಸದ ಆಯಿಲ್ ಆದರೂ ಸಿಗಲಿ ಎಂದು ದಾರಿ ಬಿಡುತ್ತದೆ. ಅವಧಿ ಮೀರಿದ ಫಿಲ್ಟರ್, ಅಳತೆ ಮೀರಿ ದಪ್ಪನೆಯ ಆಯಿಲ್ ಎರಡೂ ಈ ವಾಲ್ವನ್ನು ಪದೇ ಪದೇ ತೆರೆಸುತ್ತವೆ.

ಆದುದರಿಂದ ಫಿಲ್ಟರ್ ಕೊಳ್ಳುವಾಗ ಮರೆ, ಎಂದರೆ ತಿರುಪಿನ ಸುರುಳಿ ಗೆರೆ (ಥ್ರೆಡ್), ಕೂತುಕೊಂಡಿತು ಎಂಬುದಷ್ಟೇ ಸಾಲದು. ಮರೆ ಒಂದೇ ಇದ್ದು ಬೈಪಾಸ್ ವಾಲ್ವ್ ತೆರೆಯುವ ಒತ್ತಡ ಬೇರೆ ಇರಬಹುದು, ರಬ್ಬರ್ ಉಂಗುರದ ವ್ಯಾಸ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಹೊರಗಿನಿಂದ ಇವು ಕಣ್ಣಿಗೆ ಕಾಣುವುದಿಲ್ಲ. ಕೈಪಿಡಿ ಅಥವಾ ಕಂಪನಿಯ ಬಿಡಿಭಾಗ ಪಟ್ಟಿಯಲ್ಲಿರುವ ಸಂಖ್ಯೆಯನ್ನು ಹಿಡಿದು ಕೇಳಬೇಕು. ಬೇರೆ ತಯಾರಕರ ಫಿಲ್ಟರ್ ಆದರೆ ಪೆಟ್ಟಿಗೆಯ ಮೇಲೆ ನಮ್ಮ ಮಾದರಿ ಮತ್ತು ಎಂಜಿನ್ ನಮೂದಾಗಿರಬೇಕು. ಹೊಸ ಫಿಲ್ಟರನ್ನು ಅಂಗಡಿಯಲ್ಲಿಯೇ ತೆರೆದು, ಉಂಗುರ ಮೃದುವಾಗಿದೆಯೇ, ರಂಧ್ರಗಳ ಒಳಗೆ ಕಾಣುವ ರಬ್ಬರ್ ಪದರ ಒತ್ತಿದರೆ ಮರಳಿ ಬರುತ್ತದೆಯೇ, ಮರೆಯಲ್ಲಿ ಲೋಹದ ಪುಡಿ ಇಲ್ಲವಷ್ಟೇ ಎಂದು ನೋಡುವುದಕ್ಕೆ ಒಂದು ನಿಮಿಷವೂ ಬೇಡ. ಸ್ಪ್ಲೆಂಡರ್‌ನಂತಹ ಬೈಕುಗಳಲ್ಲಿ ಕಾಗದದ ಫಿಲ್ಟರ್ ಇರುವುದಿಲ್ಲ. ತಿರುಗುವ ರಭಸಕ್ಕೆ ಕೊಳೆಯನ್ನು ಅಂಚಿಗೆ ತಳ್ಳುವ ಬಟ್ಟಲು ಮತ್ತು ಒಂದು ತಂತಿಜಾಲರಿ ಇರುತ್ತವೆ. ಅವನ್ನು ಮೆಕ್ಯಾನಿಕ್ ಕಾಲಕಾಲಕ್ಕೆ ಬಿಚ್ಚಿ ತೊಳೆಯಬೇಕು.

ಕೊಳ್ಳುವಾಗ, ಹಾಕುವಾಗ

ಹೆಸರಾಂತ ಕಂಪನಿಯ ಖಾಲಿ ಡಬ್ಬಿಗಳಿಗೆ ಕಳಪೆ ಆಯಿಲ್ ತುಂಬಿ ಮಾರುವ ದಂಧೆ ಇರುವುದರಿಂದ ಮುಚ್ಚಳದ ಉಂಗುರ, ಒಳಗಿನ ಸೀಲ್, ತಯಾರಿಕೆಯ ತಿಂಗಳು ಮತ್ತು ಬ್ಯಾಚ್ ಸಂಖ್ಯೆಯನ್ನು ನೋಡಿ ಬಿಲ್ಲಿನೊಂದಿಗೆ ಕೊಳ್ಳಬೇಕು. ಗ್ಯಾರೇಜಿನಲ್ಲಿ ಹಾಕಿಸುವುದಾದರೆ ಸೀಲನ್ನು ನಮ್ಮ ಕಣ್ಣೆದುರೇ ತೆರೆಯುವಂತೆ ಹೇಳುವುದರಲ್ಲಿ ಸಂಕೋಚ ಬೇಡ.

ಬದಲಿಸುವ ಮೊದಲು ಎಂಜಿನ್ನನ್ನು ಐದು ನಿಮಿಷ ಓಡಿಸಿದರೆ ಆಯಿಲ್ ಬಿಸಿಯಾಗಿ ಕೊಳೆಯೊಂದಿಗೆ ಪೂರ್ತಿ ಇಳಿಯುತ್ತದೆ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲ ಎಂಬುದನ್ನು ಬೆರಳಿನಿಂದ ಮುಟ್ಟಿಯೇ ಖಚಿತಪಡಿಸಿಕೊಳ್ಳಬೇಕು. ಅದರ ಮೇಲೆ ಹೊಸ ಉಂಗುರ ಕೂತರೆ ರಸ್ತೆಯಲ್ಲಿ ಆಯಿಲ್ ಎಲ್ಲ ಸುರಿದುಹೋಗುತ್ತದೆ. ಹೊಸ ಉಂಗುರಕ್ಕೆ ಹೊಸ ಆಯಿಲ್ ಸವರಿ, ಅದು ಎಂಜಿನ್ನಿಗೆ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿ ಮಾಡಿದರೆ ಸಾಕು. ಆಯಿಲ್ ಇಳಿಸುವ ಕೆಳಗಿನ ಬೋಲ್ಟಿನ ವಾಷರನ್ನು ಪ್ರತಿ ಬಾರಿಯೂ ಹೊಸದು ಹಾಕಬೇಕು.

ಅಳತೆ ನೋಡಲು ಸಮತಟ್ಟಾದ ಜಾಗ ಬೇಕು, ಮಲೆನಾಡಿನ ಮನೆಗಳಲ್ಲಿ ಅದೇ ಕಷ್ಟ. ಇಳಿಜಾರಿನ ಅಂಗಳದಲ್ಲಿ ನಿಲ್ಲಿಸಿ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡಿ ಕಡಿಮೆಯಿದೆಯೆಂದು ಸುರಿದವರು ಅಳತೆ ಮೀರಿ ತುಂಬಿರುತ್ತಾರೆ. ಹಾಗಾದರೆ ಎಂಜಿನ್ನಿನ ಕೆಳಭಾಗದಲ್ಲಿ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ. ಊರಿನ ಶಾಲೆಯ ಮೈದಾನಕ್ಕೋ ಪೆಟ್ರೋಲ್ ಬಂಕಿಗೋ ಹೋಗಿ, ಎಂಜಿನ್ ನಿಲ್ಲಿಸಿ ಐದರಿಂದ ಹತ್ತು ನಿಮಿಷ ಬಿಟ್ಟು, ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಸಮೀಪ ಇರುವಂತೆ ನೋಡಿಕೊಳ್ಳಬೇಕು. ಬೈಕನ್ನು ಕೈಪಿಡಿಯಲ್ಲಿ ಹೇಳಿದಂತೆ ನೇರವಾಗಿ ನಿಲ್ಲಿಸಿ ನೋಡಬೇಕು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಕಾರವಾರದೊಳಗೆ ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳ ತೆರೆದರೆ ಒಳಬದಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಕಾಣಬಹುದು. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರದೆ ಆಯಿಲ್‌ನೊಂದಿಗೆ ಬೆರೆತದ್ದು ಅದು. ಮುಚ್ಚಳದಲ್ಲಿ ಮಾತ್ರ ಇದ್ದರೆ ವಾರಕ್ಕೊಮ್ಮೆ ಅಂಕೋಲಾದವರೆಗೆ ಹೋಗಿ ಬಂದರೆ ಸಾಮಾನ್ಯವಾಗಿ ಹೋಗುತ್ತದೆ. ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ ಇದ್ದರೆ, ಅಥವಾ ನೆರೆನೀರಿನಲ್ಲಿ ವಾಹನ ನಿಂತಿದ್ದರೆ, ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಬೇಕು. ಡಿಪಿಎಫ್ ಇರುವ ಡೀಸೆಲ್ ಕಾರಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಡೀಸೆಲ್ ಬೆರೆಯುತ್ತಿದೆ ಎಂದು ತಿಳಿಯಬೇಕು, ಕೂಡಲೇ ಆಯಿಲ್ ಬದಲಿಸಿ ಕಾರಣ ಹುಡುಕಿಸಬೇಕು. ಸಣ್ಣ ಓಡಾಟ, ಕೆಂಪು ಮಣ್ಣಿನ ರಸ್ತೆಯ ಧೂಳು, ಭಾರ ಹೊತ್ತು ಘಟ್ಟ ಏರುವುದು ಇವೆಲ್ಲವೂ ಕೈಪಿಡಿಯ ‘ಕಠಿಣ ಬಳಕೆ’ ಎಂಬ ಪಟ್ಟಿಗೆ ಸೇರುವಂಥವು. ಆ ಪಟ್ಟಿಯಲ್ಲಿರುವ ಕಡಿಮೆ ಅವಧಿಯೇ ನಮಗೆ ಅನ್ವಯಿಸುತ್ತದೆ. ಓಡಿದ್ದು ಕಡಿಮೆಯಾದರೂ ಕೈಪಿಡಿ ಹೇಳಿದಷ್ಟು ತಿಂಗಳಾದ ಮೇಲೆ ಬದಲಿಸಲೇಬೇಕು.

ತೆಗೆದ ಹಳೆಯ ಆಯಿಲ್ ಅನ್ನು ಬೇಲಿಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವ ರೂಢಿ ನಮ್ಮ ಕಡೆ ಇದೆ. ಮೊದಲ ಮಳೆಗೆ ಅದು ತೊಳೆದು ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಅದರಲ್ಲಿ ಭಾರಲೋಹಗಳೂ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್ ಕೂಡ ಇದೆ. ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮರುಬಳಕೆ ಘಟಕಗಳಿಗೆ ಒಪ್ಪಿಸುವ ಸರ್ವಿಸ್ ಸೆಂಟರಿಗೆ ಕೊಡಬೇಕು. ಹಳೆಯ ಫಿಲ್ಟರನ್ನು ಒಂದು ರಾತ್ರಿ ಅದೇ ಕ್ಯಾನಿನ ಬಾಯಿಗೆ ಬೋರಲು ಹಾಕಿ ಬಸಿದು, ಅದನ್ನೂ ಜೊತೆಗೆ ಕೊಡಬೇಕು. ಹೊಸ ಆಯಿಲ್‌ನ ಖಾಲಿ ಡಬ್ಬಿಗೆ, ಅದು ಮತ್ತೆ ಯಾರ ಕೈಯಲ್ಲೂ ತುಂಬದಂತೆ, ಮೊಳೆಯಿಂದ ನಾಲ್ಕು ತೂತು ಹೊಡೆದು ಗುಜರಿಗೆ ಹಾಕಬೇಕು.